ಅರ್ಲೀನ್ ಅಮ್ಮನ ಅಡುಗೆಮನೆಗೆ ಕಾಣುವ ಫ್ರೀಜರ್

ಆಟದ ಮಧ್ಯಂತರದಲ್ಲಿ ಜನ ತಾವಾಗಿಯೇ ರಕ್ತ ಕೊಡಲು ಬರುತ್ತಾರೆ ಎಂದು ಲೆಕ್ಕ ಹಾಕಿದವರು ನಮ್ಮ ಹೊಸ ಡಾಕ್ಟರು ಕಾರ್ವಿನ್ ಬ್ಯಾಟಲ್. ಬಾಸ್ಟನ್ನಿನಲ್ಲಿ ಓದಿದವರು, ಬುದ್ಧಿವಂತರು; ಆದರೆ ನಮ್ಮಂಥ ಕಪ್ಪು ಜನರ ಕಾಲೇಜಿನ ಫುಟ್‌ಬಾಲ್ ಆಟವನ್ನು ಕಣ್ಣಾರೆ ಕಂಡವರಲ್ಲ.

ಮಿಸಿಸಿಪ್ಪಿಯ ನಮ್ಮೂರಿನಲ್ಲಿ ಕಿಡ್ನಿ ಕಾಯಿಲೆ ಇಲ್ಲದ ಮನೆಯನ್ನು ಹುಡುಕಬೇಕು. ಅದರ ಸಂಶೋಧನೆಗೆಂದು ನಮ್ಮ ಕಾಲೇಜಿಗೇ ಒಂದು ಪ್ರಯೋಗಾಲಯ, ಒಂದು ಭಾರಿ ಫ್ರೀಜರ್ ಬಂದಿದ್ದವು. ಊರಿನ ನೂರು ಜನ ರಕ್ತ ಕೊಟ್ಟರೆ ಸೋಮವಾರ ಬರುವ ಸಮಿತಿ ಕೆಲಸವನ್ನು ನಮ್ಮಲ್ಲೇ ಉಳಿಸುತ್ತದೆ. ಇಲ್ಲದಿದ್ದರೆ ಎಂದಿನಂತೆ ಅದು ನದಿಯಾಚೆಯ ದೊಡ್ಡ ವಿಶ್ವವಿದ್ಯಾಲಯದ ಪಾಲು. ಹಳೆಯ ವಿದ್ಯಾರ್ಥಿಗಳೆಲ್ಲ ಊರಿಗೆ ಮರಳುವ ಹೋಮ್‌ಕಮಿಂಗ್ ಶನಿವಾರವೇ ನಮಗಿದ್ದ ಕೊನೆಯ ದಾರಿ.

ಪ್ರಯೋಗಾಲಯ ನೋಡಿಕೊಳ್ಳುವವಳು ನಾನು. ಐಸ್ ತುಂಬಿಸಿಕೊಂಡು ಮಧ್ಯಂತರಕ್ಕೆ ಸರಿಯಾಗಿ, ಮೈದಾನದ ಪಕ್ಕ ರಕ್ತ ತೆಗೆಯಲು ಹಾಕಿದ್ದ ಡೇರೆಗೆ ಬಂದರೆ ನರ್ಸುಗಳು ಕೈಕಟ್ಟಿ ಕೂತಿದ್ದರು, ನರಪಿಳ್ಳೆಯೂ ಬಂದಿರಲಿಲ್ಲ.

“ಜನಕ್ಕೆ ನಮ್ಮ ಮೇಲೆ ನಂಬಿಕೆ ಇಲ್ಲ ವರ್ನೆಲ್. ಎಲ್ಲಾ ಮುಗೀತು,” ಎಂದರು ಡಾಕ್ಟರು.

ನನಗೆ ನಗು ತಡೆಯಲಾಗಲಿಲ್ಲ. “ಅಯ್ಯೋ ಡಾಕ್ಟ್ರೇ, ಮಧ್ಯಂತರ ಅಂದ್ರೆ ನಮ್ಮ ಕಾಲೇಜಿನ ಬ್ಯಾಂಡು ಬಾರಿಸೋ ಹೊತ್ತು! ಈಗ ಬೆಂಕಿ ಬಿದ್ರೂ ಯಾರೂ ಸೀಟು ಬಿಟ್ಟು ಏಳಲ್ಲ. ನಮ್ಮೋರು ತಿನ್ನೋಕೆ ಏಳೋದು ಆಟ ಮತ್ತೆ ಶುರುವಾದ್ಮೇಲೆ.”

“ಆಟ ನೋಡಲ್ವಾ?”

“ನಮ್ಮ ಟೀಮು ಆಡೋದನ್ನ ನೀವು ನೋಡಿದೀರಾ?”

ಬ್ಯಾಂಡ್ ಮೈದಾನ ಬಿಟ್ಟಿತು, ಆಟ ಶುರುವಾಯಿತು, ಜನ ದಬದಬನೆ ಇಳಿದರು. ನಾನು ಕುರ್ಚಿ ಹತ್ತಿ ಕೂಗಿ ಕರೆದೆ. ಕರಿದ ಮೀನು ಹಿಡಿದು ಬಂದರೇನೋ ಬಂದರು. ಆದರೆ ಎಲ್ಲರೂ ಅರ್ಲೀನ್ ಅಮ್ಮನ ಬೆನ್ನ ಹಿಂದೆ ನಿಂತುಬಿಟ್ಟರು. ಅವರು ಊರಿಗೆಲ್ಲ ಅಕ್ಷರ ಕಲಿಸಿದ ಟೀಚರು. ಅವರು ಕೂರದೆ ಯಾರೂ ಕೂರುವುದಿಲ್ಲ.

“ನನ್ನ ಗಂಡನ ರಕ್ತಾನ ನದಿಯಾಚೆಯೋರು ಸೀಸೆ ಸೀಸೆ ತಗೊಂಡೋದ್ರು. ಏನಾಯ್ತು ಅಂತ ಇವತ್ತಿಗೂ ಒಬ್ರೂ ಹೇಳಿಲ್ಲ. ನಮ್ದನ್ನ ನೀನೆಲ್ಲಿ ಇಡ್ತೀಯಪ್ಪ?” ಎಂದು ಅವರು ಡಾಕ್ಟರನ್ನು ಕೇಳಿದರು.

ಡಾಕ್ಟರು ಭಾಷಣ ಶುರು ಮಾಡಿದರು. ನಾನು ಅವರ ಕಾಲು ತುಳಿದೆ. ಆಗ ಸುಮ್ಮನೆ ಬೆರಳು ತೋರಿಸಿದರು: “ಅಗೋ, ಆ ನೀಲಿ ಪರದೆ ಕಿಟಕಿ ಇದೆಯಲ್ಲಮ್ಮಾ, ಅಲ್ಲೇ.”

“ನನ್ನ ಅಡುಗೆಮನೆಗೆ ನೇರ ಕಾಣುತ್ತೆ.” ಅರ್ಲೀನ್ ಅಮ್ಮ ಅಂಗಿಯ ತೋಳು ಮೇಲೇರಿಸಿ ರಕ್ತ ಕೊಡಲು ಕೂತರು. “ನಿನ್ನ ಫೋನ್ ನಂಬರ್ ಕೊಡು.”

ಸಾಲು ಗೇಟಿನವರೆಗೂ ಬೆಳೆಯಿತು. ನಮ್ಮ ತಂಡ ಸೋತಿತು, ನಾವು ನೂರು ದಾಟಿದೆವು. ನನಗೆ ಕುಣಿಯುವಷ್ಟು ಖುಷಿ.

ಸೋಮವಾರ ಸಮಿತಿ ಬಂತು. ಅಧ್ಯಕ್ಷೆ ಮುಖ ಗಂಟಿಕ್ಕಿಕೊಂಡೇ ಫ್ರೀಜರ್ ನೋಡಿದರು, ಬೆಳಕಿಗೆಂದು ನೀಲಿ ಪರದೆ ಸರಿಸಿದರು. “ರಕ್ತ ಕೊಟ್ಟೋರು ನೂರಾದ್ರು, ಸರಿ. ಇದನ್ನ ವರ್ಷಗಟ್ಟಲೆ ಕಾಯಬೇಕು. ನಿಮ್ಮಂಥ ಸಣ್ಣ ಕಾಲೇಜಲ್ಲಿ ನಿಗಾ ಇಡೋರು ಯಾರು?”

ಅಷ್ಟರಲ್ಲೇ ಡಾಕ್ಟರ ಫೋನ್ ಬಡಿದುಕೊಂಡಿತು. ಗಾಬರಿಯಲ್ಲಿ ಏನು ಒತ್ತಿದರೋ, ಮಾತು ಕೋಣೆಗೆಲ್ಲ ಕೇಳಿಸಿತು.

“ಯಾರಪ್ಪಾ ಅವಳು, ಬೂದು ಕೋಟಿನೋಳು? ನನ್ನ ರಕ್ತದ ಹತ್ರ ಅವಳಿಗೇನು ಕೆಲಸ? ಪರದೆ ಯಾಕೆ ಸರಿಸಿದ್ಲು?”

ಅಧ್ಯಕ್ಷೆ ಕಿಟಕಿಯತ್ತ ತಿರುಗಿದರು. ರಸ್ತೆಯಾಚೆಯ ಅಡುಗೆಮನೆ ಕಿಟಕಿಯಲ್ಲಿ ಅರ್ಲೀನ್ ಅಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು. ಅಧ್ಯಕ್ಷೆ ಮೆಲ್ಲಗೆ ಪರದೆಯನ್ನು ಮೊದಲಿದ್ದಂತೆಯೇ ಎಳೆದರು.

“ಕೆಲಸ ಇಲ್ಲೇ ಇರಲಿ ಡಾಕ್ಟ್ರೇ,” ಎಂದರು. “ಇದನ್ನ ನದಿ ದಾಟಿಸಿದ್ರೆ ಆ ಅಮ್ಮನಿಗೆ ಉತ್ತರ ಹೇಳೋದು ನನ್ನ ಕೈಲಾಗಲ್ಲ.”