ಕೋಟೆಯ ದಾರಿಯಲ್ಲಿ ಬೆಲ್ಲ

ನಮ್ಮ ಊರಿಗೆ ಇತಿಹಾಸವಿದೆ ಎಂಬುದು ಊರಿನವರಿಗೆ ಗೊತ್ತಾದದ್ದು ರೈಲು ಬಂದು ಬಹಳ ವರ್ಷಗಳಾದ ಮೇಲೆ. ಅಲ್ಲಿಯವರೆಗೆ ಊರಂಚಿನ ಹಳೆಯ ಗೋಡೆಗಳ ಜಾಗ ಬರೀ ದನ ಮೇಯುವ ಗುಡ್ಡವಾಗಿತ್ತು. ಕಾಸರಗೋಡಿನಲ್ಲಿ ಯಾರೋ ಭಾಷಣ ಮಾಡುತ್ತ ಅದನ್ನು ಕೋಟೆ ಎಂದರು. ಮರುದಿನದಿಂದ ದನಗಳೂ ಗಂಭೀರವಾಗಿ ಮೇಯತೊಡಗಿದವು.

ಭಾಷಣವನ್ನು ನಂಬಿದವನು ಜನಾರ್ದನ ಒಬ್ಬನೇ. ಕೋಟೆ ನೋಡಲು ಪ್ರವಾಸಿಗರು ಬರುತ್ತಾರೆ, ಬಂದವರು ಉಣ್ಣಬೇಕು, ಮಲಗಬೇಕು ಎಂದುಕೊಂಡು ಉಳುವ ಜೋಡಿ ಕೋಣಗಳನ್ನು ಮಾರಿದ. ಸ್ಟೇಷನ್ನಿನ ಎದುರು ಹೋಟೆಲು ತೆರೆದು ಹಿಂದೆ ಎರಡು ರೂಮು ಕಟ್ಟಿಸಿದ. ಈವರೆಗೆ ಅಲ್ಲಿ ಮಲಗಿದ್ದು ಒಂದು ಬೆಕ್ಕು. ಅತ್ತ ಗದ್ದೆ ಪಾಳು ಬಿದ್ದಿತ್ತು. ಮಳೆಗಾಲದೊಳಗೆ ಪ್ರವಾಸಿಗರು ಬಾರದಿದ್ದರೆ ಅವನಿಗೆ ಹೋಟೆಲೂ ಇಲ್ಲ, ಬೇಸಾಯವೂ ಇಲ್ಲ.

ಆದ್ದರಿಂದ ಮೈಸೂರಿನ ಪತ್ರಿಕೆಯೊಂದಕ್ಕೆ ಪ್ರವಾಸಲೇಖನ ಬರೆಯುವ ಈಶ್ವರಪ್ರಸಾದರು ಬೆಳಗಿನ ರೈಲಿನಿಂದ ಇಳಿದಾಗ ಜನಾರ್ದನ ಅವರ ಚೀಲವನ್ನು ಹೆಚ್ಚುಕಡಿಮೆ ಕಿತ್ತುಕೊಂಡ. ಅವರು ಸಂಜೆಯ ರೈಲಿಗೆ ಹೊರಡಬೇಕಿತ್ತು.

"ಕೋಟೆ ದೂರವೇ?"

"ಎಂತ ದೂರ ಸ್ವಾಮಿ! ಇಲ್ಲೇ ಉಂಟು. ರಸ್ತೆಯಲ್ಲಿ ಬಿಸಿಲು, ನಾವು ಮನೆಗಳ ಎದುರಿನಿಂದ ಹೋಗುವ."

ಅವನು ಮಾಡಿದ ತಪ್ಪು ಇದೊಂದೇ.

ನಮ್ಮಲ್ಲಿ ಅಂಗಳಕ್ಕೆ ಕಾಲಿಟ್ಟವನಿಗೆ ಬೆಲ್ಲ, ನೀರು ಕೊಡದೆ ಮಾತಾಡಿಸುವುದಿಲ್ಲ. ಬೆಲ್ಲ ತಿಂದವನು ಕೂರಬೇಕು, ಕೂತವನು ಉಣ್ಣಬೇಕು. ಒಂದು ಮನೆಯಲ್ಲಿ ತಿಂದು ಪಕ್ಕದ ಮನೆಯನ್ನು ದಾಟಿದರೆ ಆ ಮನೆಯವರು ತಲೆಮಾರುಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ. ಕೋಟೆ ಕಟ್ಟಿದ ರಾಜನ ಹೆಸರು ಮಾತ್ರ ಯಾರಿಗೂ ನೆನಪಿಲ್ಲ.

ಮೊದಲ ಮನೆಯ ಅಮ್ಮಣ್ಣಿ ಅಂಗಳಕ್ಕೇ ಬಂದು ನಿಂತಳು. "ಜನಾರ್ದನಣ್ಣ, ಪರವೂರಿನವರ ಬಾಯಿ ಒಣಗಿಸಿ ಕರ್ಕೊಂಡು ಹೋಗುವುದಾ? ಮರ್ಯಾದೆ ಉಂಟಾ ನಿಮಗೆ?"

ಬೆಲ್ಲ, ನೀರು, ಅವಲಕ್ಕಿ, ಬಾಳೆಹಣ್ಣು ಆಯಿತು. ಪಕ್ಕದ ಮನೆಯ ಲೋಕನಾಥ ಬೇಲಿಯಾಚೆಯಿಂದ ಎಲ್ಲವನ್ನೂ ನೋಡುತ್ತಿದ್ದ. "ಅಲ್ಲಿ ಅವಲಕ್ಕಿ ಆಯ್ತಲ್ಲ? ನಮ್ಮಲ್ಲಿ ಕೊಡುವುದು ಎಂತ, ವಿಷವಾ?"

ಅಲ್ಲಿ ದೋಸೆಯಾಯಿತು. ಗುಡ್ಡದ ಬುಡದಲ್ಲಿ ಸುಬ್ಬಲಕ್ಷ್ಮಿಯಮ್ಮನ ಮನೆ. ಅದನ್ನು ದಾಟಿದರೆ ಕೋಟೆಯೇ. ಆದರೆ ದಾಟುವುದು ಹೇಗೆ? ಆಗಲೇ ಎಲೆ ಹಾಕಿಯಾಗಿತ್ತು.

"ಕೋಟೆ..." ಎಂದರು ಈಶ್ವರಪ್ರಸಾದರು, ಹಲಸಿನ ಹಣ್ಣಿನ ಕಡುಬು ಮತ್ತೊಮ್ಮೆ ಎಲೆಗೆ ಬಿದ್ದಾಗ.

"ಕೋಟೆ ಎಲ್ಲಿಗೆ ಓಡಿ ಹೋಗ್ತದೆ ಮಗಾ? ಕಡುಬು ತಣಿದರೆ ಆಗ್ಲಿಕ್ಕಿಲ್ಲ."

ಉಂಡವರು ಮನೆಯ ಮುಂದಿನ ಚಾವಡಿಯಲ್ಲಿ ಒರಗಿದರು. ಎದ್ದಾಗ ರೈಲಿಗೆ ಓಡುವಷ್ಟೇ ಹೊತ್ತು ಉಳಿದಿತ್ತು. ರೈಲಿನಿಂದಾದರೂ ಕೋಟೆ ಕಂಡೀತೆಂದು ಜನಾರ್ದನ ಬೆರಳು ತೋರಿಸಿದ. ಆ ಬದಿಯ ಕಿಟಕಿಯಲ್ಲಿ ಯಾರೋ ಎಲೆಯಡಿಕೆ ಉಗುಳುತ್ತಿದ್ದರು.

ಲೇಖನ ಬಂತು. ಕೋಟೆಗೆ ಒಂದು ವಾಕ್ಯ: ಇಲ್ಲೊಂದು ಕೋಟೆಯೂ ಇದೆಯಂತೆ. ಉಳಿದದ್ದೆಲ್ಲ ಸುಬ್ಬಲಕ್ಷ್ಮಿಯಮ್ಮನ ಕಡುಬಿಗೆ. ತಲೆಬರಹ, 'ಕರಾವಳಿಯ ಪ್ರಾಚೀನ ಸಂಸ್ಕೃತಿ'.

ಪ್ರವಾಸಿಗರು ಬಂದೇ ಬಂದರು. ಕೊಡೆ, ಬೈನಾಕ್ಯುಲರ್, ಮಕ್ಕಳ ಸಮೇತ ಇಳಿದು ನೇರ ಹೋಟೆಲಿಗೇ ಬಂದರು, ಸುಬ್ಬಲಕ್ಷ್ಮಿಯಮ್ಮನ ಮನೆಯ ದಾರಿ ಕೇಳಲು.

"ಚಹಾ ಕುಡೀತೀರಾ?" ಎಂದು ಜನಾರ್ದನ ಕೇಳಿದರೆ, "ಬೇಡ, ಹೊಟ್ಟೆ ಖಾಲಿ ಇಟ್ಟುಕೊಂಡೇ ಬಂದಿದ್ದೇವೆ" ಎನ್ನುತ್ತಿದ್ದರು. ರಾತ್ರಿ ಮಲಗುವುದು? ಸುಬ್ಬಲಕ್ಷ್ಮಿಯಮ್ಮನ ಚಾವಡಿ ಇದೆಯಲ್ಲ.

ಕೊನೆಗೆ ಒಂದು ಮಧ್ಯಾಹ್ನ ಅವನು ಹೋಟೆಲಿನ ಬಾಗಿಲೆಳೆದು, ಜಗಳದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಳ್ಳುತ್ತ ಗುಡ್ಡದ ಬುಡಕ್ಕೆ ಹೋದ.

"ಸುಬ್ಬಲಕ್ಷ್ಮಿಯಕ್ಕಾ, ನನ್ನ ಹೊಟ್ಟೆಗೆ ನೀವು..."

"ಬಿಸಿಲಿಗೆ ಬಂದಿದ್ದೀ ಮಾರಾಯ. ಮೊದಲು ಬೆಲ್ಲ ಬಾಯಿಗೆ ಹಾಕು."

ಹಾಕಿಕೊಂಡ. ಸಾಲಾಗಿ ಕೂತಿದ್ದ ಪ್ರವಾಸಿಗರು ಸ್ವಲ್ಪ ಸರಿದು ಅವನಿಗೂ ಜಾಗ ಮಾಡಿಕೊಟ್ಟರು. ಸುಬ್ಬಲಕ್ಷ್ಮಿಯಮ್ಮ ಎಲೆಗೆ ಕಡುಬು ಹಾಕುತ್ತ ಕೇಳಿದರು: "ನಿನ್ನ ರೂಮು ಎರಡೂ ಖಾಲಿ ಉಂಟಲ್ಲ? ನೆಂಟರು ಹೆಚ್ಚಾದರು ನೋಡು. ಬೆಲ್ಲದ ಗಡಿಗೆ ಇಡ್ಲಿಕ್ಕೆ ಇಲ್ಲಿ ಜಾಗವೇ ಇಲ್ಲ."

ಜನಾರ್ದನ ಸುತ್ತ ನೋಡಿದ. ಅವರ ಅಂಗಳ, ಅವರ ಎಲೆ, ಬಾಯಲ್ಲಿ ಅವರದೇ ಬೆಲ್ಲ.

"ಆಯ್ತು ಅಕ್ಕಾ," ಎಂದ. "ಬೆಕ್ಕನ್ನು ಎಬ್ಬಿಸ್ತೇನೆ."