ಹದಿನೈದು ಇಂಚಿನ ಪೆಟ್ಟಿಗೆ

ನಮ್ಮ ಮನೆಯಲ್ಲಿ ಬೇಸ್ ಗಿಟಾರಿನ ಆಂಪ್ಲಿಫೈಯರನ್ನು ಆರಿಸಿದ್ದು ಹಿತ್ತಾಳೆ ತಂಬಿಗೆಗಳು. ನಗಬೇಡಿ, ನಡೆದದ್ದನ್ನೇ ಹೇಳುತ್ತಿದ್ದೇನೆ.

ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ನಮ್ಮದು ಎರಡು ಕೋಣೆಯ ಮನೆ. ನಮ್ಮವರು ಕಚೇರಿಯಲ್ಲಿ ಗುಮಾಸ್ತರು, ರಜೆ ಬಂದರೆ ಭೀಮಣ್ಣನ ಆರ್ಕೆಸ್ಟ್ರಾದಲ್ಲಿ ಬೇಸ್ ಬಾರಿಸುವವರು. ನಾಲ್ಕೇ ತಂತಿ, ದಪ್ಪ ದನಿ. ಹಾಡಿನ ಕೆಳಗೆ ಅದು ಇದೆಯೆಂದು ಯಾರಿಗೂ ತಿಳಿಯುವುದಿಲ್ಲ, ಇಲ್ಲದಿದ್ದರೆ ಮಾತ್ರ ಹಾಡು ಬಡಕಲಾಗುತ್ತದೆ ಎಂದು ಅವರು ಹೇಳುತ್ತಿದ್ದರು. ಹದಿನಾಲ್ಕು ವರ್ಷದ ಸಂಸಾರದಲ್ಲಿ ನಾನು ಒಂದು ಕಾರ್ಯಕ್ರಮಕ್ಕೂ ಹೋದವಳಲ್ಲ. ಬಾರಿಸುವವನ ಹೆಂಡತಿ ಎದುರಿಗೆ ಕೂತರೆ ಮಂದಿ ನಗುತ್ತಾರೆಂದು ಅವರಿಗೆ ಅಂಜಿಕೆ.

ತೊಂಬತ್ತೈದರ ಶ್ರಾವಣದಲ್ಲಿ ಅವರ ಹಳೆಯ ಆಂಪ್ಲಿಫೈಯರು ಸುಟ್ಟುಹೋಯಿತು. ರೇಡಿಯೋ ರಿಪೇರಿಯ ರಾಚಪ್ಪ ತಾನೇ ಜೋಡಿಸಿದ ಎರಡು ಪೆಟ್ಟಿಗೆಗಳನ್ನು ಮನೆಗೆ ಕಳಿಸಿಕೊಟ್ಟ. ಒಂದರಲ್ಲಿ ಹನ್ನೆರಡು ಇಂಚಿನ ಸ್ಪೀಕರು, ಇನ್ನೊಂದರಲ್ಲಿ ಹದಿನೈದು ಇಂಚಿನದು. ಬಾರಿಸಿ ನೋಡಿ ಬೇಕಾದ್ದನ್ನು ಇಟ್ಟುಕೊಳ್ಳಬೇಕು. ಚಿಕ್ಕದನ್ನು ಮೂಲೆಗಿಟ್ಟು ಬಾರಿಸಿದರು. ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಿದ್ದ ಅತ್ತೆ ಸೀತಾಬಾಯಿ ತಲೆ ಎತ್ತಲಿಲ್ಲ. ದೊಡ್ಡದಕ್ಕೆ ವೈರು ಹಚ್ಚಿ ಬಾರಿಸಿದ ಕೂಡಲೇ ಹಲಗೆಯ ಮೇಲಿನ ತಂಬಿಗೆಗಳೆಲ್ಲ ಗಿಣಗಿಣ ಅಂದವು.

"ಶಿವಾನಂದಾ, ಇದನ್ನ ಇಟ್ಗೋ. ಭಾಂಡಿ ಸುದ್ದಾ ಮಾತಾಡಾಕತ್ತಾವ ನೋಡು" ಅಂದರು ಅತ್ತೆ.

ಅಲ್ಲಿಗೆ ತೀರ್ಮಾನವಾಯಿತು. ಆ ಪೆಟ್ಟಿಗೆ ಗಣಪತಿ ಹಬ್ಬಕ್ಕೆ ಒಂದು ಬಯಲಿಗೆ ಹೋಯಿತು, ಅಲ್ಲಿ ಮೂಕವಾಗಿ ನಿಂತಿತು. ಮರುದಿನ ಭೀಮಣ್ಣ ಮನೆಗೇ ಬಂದ. ನಾನು ಕೊಟ್ಟ ಚಹಾ ಕುಡಿದ, ಆಮೇಲೆ ಕುತ್ತಿಗೆಗೆ ಕತ್ತಿ ಇಟ್ಟ.

"ನಿನ್ನಿ ಮಂದಿಗಿ ಬೇಸ್ ಕೇಳಸಲೇ ಇಲ್ಲ ನೋಡಪಾ. ತುಳಸಿ ಲಗ್ನ ಆದ ಮ್ಯಾಲ ಅಕ್ಕಲಕೋಟದಾಗ ಒಂದು ಮದವಿ ಐತಿ. ಅದೊಂದು ನೋಡತೀನಿ. ಅಲ್ಲೂ ಹಿಂಗಾದ್ರ ಸೂರಜನ ಎಡಗೈ ಸಾಕು."

ಸೂರಜ ಕೀಬೋರ್ಡಿನವನು. ಬಲಗೈಯಲ್ಲಿ ಹಾಡು ನುಡಿಸುತ್ತ ಎಡಗೈಯಲ್ಲಿ ಬೇಸ್ ಕೂಡ ನುಡಿಸಬಲ್ಲ. ಒಬ್ಬ ಮನುಷ್ಯನ ಇಪ್ಪತ್ತು ವರ್ಷ ಇನ್ನೊಬ್ಬನ ಎಡಗೈಯಲ್ಲಿ ಮುಗಿದುಹೋಗುತ್ತದೆ ಎಂದಾಗ ನನಗೆ ಅಳುವಿಗಿಂತ ಸಿಟ್ಟು ಹೆಚ್ಚು ಬಂತು. ನಮ್ಮವರು ಎರಡು ದಿನ ಗಿಟಾರು ಮುಟ್ಟಲಿಲ್ಲ.

"ತಪ್ಪು ಬಯಲಿಂದು. ಅಲ್ಲಿ ದನಿ ನಿಲ್ಲೂದೇ ಇಲ್ಲ" ಅಂದರು ಕೊನೆಗೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಆದರೆ ತಲೆಯೊಳಗೆ ಹುಳ ಬಿಟ್ಟಂತಾಯಿತು. ತಂಬಿಗೆ ನಡುಗಿಸಿದ ದನಿ ಬಯಲಿಗೆ ಹೋದದ್ದೇ ಎಲ್ಲಿಗೆ ಹೋಯಿತು? ಭಾನುವಾರ ಅವರನ್ನು ಕೂರಿಸಿ ಒಂದೇ ಸ್ವರ ಬಾರಿಸಲು ಹೇಳಿ ಮನೆಯೆಲ್ಲ ಸುತ್ತಿದೆ. ಪೆಟ್ಟಿಗೆಯ ಪಕ್ಕ ನಿಂತರೆ ಹೇಳಿಕೊಳ್ಳುವಂಥದ್ದೇನಿಲ್ಲ. ಅಡುಗೆಮನೆಯ ಆಚೆ ಗೋಡೆಗೆ ಬೆನ್ನು ಹಚ್ಚಿದರೆ ಎದೆಯೊಳಗೇ ಬಾರಿಸಿದ ಹಾಗೆ. ಪೆಟ್ಟಿಗೆಯನ್ನು ಮೂಲೆಯಿಂದ ನಡುಮನೆಗೆ ಎಳೆದರೆ ದನಿ ಅರ್ಧಕ್ಕರ್ಧ ಇಳಿಯಿತು. ಇಬ್ಬರೂ ಏದುಸಿರು ಬಿಡುತ್ತ ತೆರೆದ ಮಾಳಿಗೆಗೆ ಹೊತ್ತೊಯ್ದೆವು. ಅಲ್ಲಿ ಗೋಡೆಯೂ ಇಲ್ಲ, ದನಿಯೂ ಇಲ್ಲ. ಪಾಪ, ಈ ಸಲ ನೆಲವೇ ಡೊಂಕಿತ್ತು.

"ನೋಡ್ರಿ, ಗ್ವಾಡೀನೇ ದನಿ ದೊಡ್ಡದ ಮಾಡತೈತಿ. ಅಕ್ಕಲಕೋಟದಾಗ ಪೆಟಗಿ ಗ್ವಾಡಿಗಿ ಹಚ್ಚಿ ಇಡ್ರಿ" ಅಂದೆ, ದೊಡ್ಡ ಪಂಡಿತಳ ಹಾಗೆ. "ನಾನೂ ಬರತೀನಿ, ಕೇಳೇ ಬಿಡತೀನಿ."

"ನೀ ಯಾಕ?" ಅಂದರು.

"ಬರಲಿ ಬಿಡೋ, ಸ್ವಾಮಿ ದರ್ಶನಾನೂ ಆಗತೈತಿ" ಎಂದು ಅತ್ತೆ ಅವರ ಬಾಯಿ ಮುಚ್ಚಿಸಿದರು.

ಅಕ್ಕಲಕೋಟದ ಆ ಮದುವೆ ಕಾರ್ಯಾಲಯ ಉದ್ದನೆಯದು, ತಗಡಿನ ಮಾಡು. ಅಕ್ಷತೆ ಬಿದ್ದು ಒಂದು ಕಡೆ ಊಟದ ಪಂಕ್ತಿ ಕೂತಾಗ ಇನ್ನೊಂದು ಕಡೆ ಹಾಡು ಶುರುವಾಯಿತು. ನಾನು ತೀರ ಹಿಂದೆ ಹೆಂಗಸರ ನಡುವೆ ಕೂತಿದ್ದೆ. ಪಕ್ಕದಲ್ಲಿ ಮದುಮಗಳ ಅತ್ತೆ, ದುಧನಿಯ ಗುರುಬಾಯಿ. ನಮ್ಮವರು ನನ್ನ ಮಾತಿನಂತೆ ಪೆಟ್ಟಿಗೆಯನ್ನು ವೇದಿಕೆಯ ಹಿಂದಿನ ಗೋಡೆಗೆ ಒತ್ತಿ ಇಟ್ಟಿದ್ದರು.

ಮೊದಲ ಹಾಡಿಗೇ ಎಡವಟ್ಟಾಯಿತು. ಹಾಡುವವಳ ಬಾಯಿ ಆಡುತ್ತಿತ್ತು, ಮಾತು ಮಾತ್ರ ಗುಡುಗಿನಲ್ಲಿ ಮುಳುಗಿತ್ತು. ತಗಡು ನಡುಗುತ್ತಿತ್ತು. ಗುರುಬಾಯಿ ಕಿವಿ ಮುಚ್ಚಿಕೊಂಡಿದ್ದಳು. ನಮ್ಮವರು ಮಾತ್ರ ತಲೆ ತಗ್ಗಿಸಿ ಮತ್ತೆ ಮತ್ತೆ ಪೆಟ್ಟಿಗೆಯ ಗುಂಡಿ ತಿರುವಿ ದನಿ ಏರಿಸುತ್ತಿದ್ದರು. ಮನೆಯಲ್ಲಿ ಕಂಡದ್ದು ಆಗ ನೆನಪಾಯಿತು. ಪೆಟ್ಟಿಗೆಯ ಪಕ್ಕ ನಿಂತವರಿಗೆ ಅದು ಕೇಳಿಸುವುದೇ ಇಲ್ಲ! ಗೋಡೆಯ ಮಾತು ಹೇಳಿದ ನಾನು ಇದನ್ನು ಹೇಳುವುದು ಮರೆತಿದ್ದೆ. ಸೂರಜನ ಎಡಗೈಗೆ ನಾನೇ ದಾರಿ ಮಾಡಿಕೊಟ್ಟಂತಾಗಿತ್ತು.

ಎದ್ದು ನಿಂತು ಕೈ ಬೀಸಿದೆ. ಅವರ ಕಣ್ಣು ತಂತಿ ಬಿಟ್ಟು ಏಳಲಿಲ್ಲ. ಅಷ್ಟರಲ್ಲಿ ಭೀಮಣ್ಣ ಹಿಂದೆ ಹೇಗೆ ಕೇಳುತ್ತದೆಂದು ನೋಡಲು ವೇದಿಕೆ ಇಳಿದು ನಮ್ಮ ಕಡೆಗೇ ಹೊರಟ. ಹೆಸರು ಹಿಡಿದು ಕೂಗಿದರೆ ಮುಗಿಯುತ್ತಿತ್ತು. ಆದರೆ ನಮ್ಮಲ್ಲಿ ಹೆಂಡತಿ ಗಂಡನ ಹೆಸರನ್ನು ಬಾಯಲ್ಲಿ ಆಡುವುದು ಪ್ರಾಸ ಕಟ್ಟಿ ಹೇಳುವ ಒಡಪಿನಲ್ಲಿ ಮಾತ್ರ, ಅದೂ ಶುಭಕಾರ್ಯದಲ್ಲಿ ನಾಲ್ಕು ಜನ ಒತ್ತಾಯ ಮಾಡಿದಾಗ. ಹದಿನಾಲ್ಕು ವರ್ಷದಲ್ಲಿ ಆ ಹೆಸರು ಹಿಡಿದು ನಾನು ಕರೆದದ್ದೇ ಇಲ್ಲ.

ಹಾಡು ಮುಗಿಯಿತು. ಮದುಮಗಳು ಒಡಪು ಹೇಳಲೆಂದು ಮೈಕು ಹೆಂಗಸರ ಕಡೆ ಬಂತು. ಅವಳಾದ ಮೇಲೆ ಗುರುಬಾಯಿ ಹೇಳಿದಳು. ಹೇಳಿ, "ಯಾರ ಹೇಳತೀರಿ ಇನ್ನ?" ಎಂದು ಸುತ್ತ ನೋಡಿದಳು. ಅವಳ ಕೈಯಿಂದ ನಾನು ಮೈಕನ್ನು ಕಸಿದುಕೊಂಡೆ ಅಂದರೂ ತಪ್ಪಿಲ್ಲ.

"ಗ್ವಾಡಿಗಿ ಹಚ್ಚಿದ್ರ ಗುಡಗತೈತಿ ಹದಿನೈದಿಂಚಿನ ಪೆಟಗಿ,
ಶಿವಾನಂದರಾಯರು ದನಿ ಇಳಸಬೇಕ್ರಿ ಒಂದ ಚಿಟಗಿ!"

ಜನವೆಲ್ಲ ಹೋ ಎಂದು ನಕ್ಕಿತು. ಪಂಕ್ತಿಯಲ್ಲಿ ಬಡಿಸುವವರೂ ನಿಂತು ನಕ್ಕರು. ನಾಚಿಕೆಯಿಂದ ನನ್ನ ಕಿವಿ ಸುಡುತ್ತಿತ್ತು. ನಮ್ಮವರು ಕಡೆಗೂ ತಲೆ ಎತ್ತಿದರು. ಮುಖ ಕೆಂಪಾಗಿತ್ತು. ಪೆಟ್ಟಿಗೆಯನ್ನು ಗೋಡೆಯಿಂದ ಎರಡು ಗೇಣು ಎಳೆದರು, ಗುಂಡಿ ತಿರುವಿ ಇಳಿಸಿದರು. ಮುಂದಿನ ಹಾಡು ಎತ್ತಿದ ಕೂಡಲೇ ಕಿವಿ ಮುಟ್ಟಿ, ತಮಗೇನೂ ಕೇಳಿಸುತ್ತಿಲ್ಲವೆಂದು ದೂರದಿಂದಲೇ ಸನ್ನೆ ಮಾಡಿದರು. ನಾನು ಅಂಗೈ ತೋರಿಸಿದೆ. ಇರಲಿ, ಹಾಗೇ ಇರಲಿ.

ಅಲ್ಲಿಂದ ಮುಂದೆ ಅವರು ತಂತಿ ನೋಡಲಿಲ್ಲ, ನನ್ನನ್ನೇ ನೋಡುತ್ತ ಬಾರಿಸಿದರು. ದನಿ ಹಾಡಿನ ಅಡಿಗೆ ಜಮಖಾನೆ ಹಾಸಿದಂತೆ ಹರಡಿತು. ಈ ಮನುಷ್ಯನ ಕೈಯಲ್ಲಿ ಇಂಥದ್ದಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಭೀಮಣ್ಣ ಬಂದು ನನ್ನ ಪಕ್ಕ ಕೈಕಟ್ಟಿ ಎರಡು ಹಾಡು ನಿಂತು ಕೇಳಿದ.

"ವೈನಿ, ಇಪ್ಪತ್ತಾರನೇ ತಾರೀಖಿಗಿ ದುಧನಿಯಾಗ ಕಾರ್ಯಕ್ರಮ ಐತಿ ಅಂತ ಶಿವಾನಂದಗ ಹೇಳ್ರಿ. ಆದ್ರ ನೀವೂ ಬರಬೇಕ್ರಿ ಮತ್ತ."

"ಬರೂದು ಬಿಡೂದು ನನ್ನ ಖುಷಿರಿ" ಅಂದೆ. ಎಡಗೈಯ ಮಾತಿನ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕಾರ್ಯಾಲಯ ಬರಿದಾಯಿತು. ಇಬ್ಬರು ಹೆಂಗಸರು ಊಟದ ಪತ್ರಾವಳಿ ಬಳಿದು ತೆಗೆಯುತ್ತಿದ್ದರು. ನಮ್ಮವರು ವೈರು ಸುತ್ತುವುದನ್ನು ಬಿಟ್ಟು ನನ್ನ ಹತ್ತಿರ ಬಂದರು. ಒಡಪಿಗೆ ಬೈಯುತ್ತಾರೆಂದುಕೊಂಡಿದ್ದೆ.

"ಹಿಂದ ಹೆಂಗ ಕೇಳಸತಿತ್ತು?" ಅಂದರು.

"ಹೇಳಾಕ ಬರೂದಿಲ್ರಿ. ನೀವ ಹೋಗಿ ನಿಂದರ್ರಿ" ಅಂದೆ.

ಅವರು ಪೆಟ್ಟಿಗೆಗೆ ವೈರು ಮತ್ತೆ ಹಚ್ಚಿ, ಗಿಟಾರನ್ನು ನನ್ನ ಹೆಗಲಿಗೆ ಹಾಕಿ, ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ತೋರಿಸಿ, ಉದ್ದಕ್ಕೂ ನಡೆದುಹೋಗಿ ಕೊನೆಯ ಬಾಗಿಲಲ್ಲಿ ನಿಂತರು. ನಾನು ತಂತಿ ಮೀಟಿದೆ. ಮೊಣಕಾಲಿಗೆ ತುಸು ಗಾಳಿ ಬಡಿದ ಹಾಗಾಯಿತು, ಅಷ್ಟೇ. ಬಾರಿಸಲಿಲ್ಲವೇನೋ ಎಂದು ಮತ್ತೆ ಮೀಟಿದೆ. ದೂರದಲ್ಲಿ ಅವರು ಬಾಗಿಲಿನ ಚೌಕಟ್ಟು ಹಿಡಿದು ಕದಲದೆ ನಿಂತಿದ್ದರು. ಅಲ್ಲಿಂದಲೇ ಕೂಗಿ ಹೇಳಿದರು.

"ಇನ್ನೊಮ್ಮಿ ಬಾರಸು."

ನನಗೆ ಏನೂ ಕೇಳಿಸುತ್ತಿರಲಿಲ್ಲ. ಆದರೂ ಬಾರಿಸಿದೆ.