ಎರಡು ಕೊಂಡಿಯ ಟಾಪು

ಅರವತ್ತು ದಾಟಿದ ಮೇಲೆ ಅಮರೇಶನಿಗೆ ಮೇಲಿನ ಮಾಡು ತೆಗೆದಿಡಬಹುದಾದ ಕಾರು ಕೊಳ್ಳುವ ಹುಚ್ಚು ಹತ್ತಿತು. ಛತ್ರಿ ಹಿಡಿದು ತರಕಾರಿ ತರಲು ಹೋಗುವ ಹುಬ್ಬಳ್ಳಿಯ ಬಿಸಿಲಿನಲ್ಲಿ, ತಲೆಯ ಮೇಲಿನ ತಗಡನ್ನೇ ತೆಗೆದಿಟ್ಟು ತಿರುಗುತ್ತೇನೆ ಅನ್ನುವ ಗಂಡಸಿಗೆ ಏನು ಹೇಳುವುದು? ಹೆಂಡತಿ ಭಾಗ್ಯಶ್ರೀ ಏನೂ ಹೇಳಲಿಲ್ಲ. ಅವನ ಯಾವ ಹುಚ್ಚು ತಾನಾಗಿ ಇಳಿಯುತ್ತದೆ, ಯಾವುದು ಇಳಿಯುವುದಿಲ್ಲ ಎಂಬುದು ಆಕೆಗೆ ಗೊತ್ತು. ಯೋಗಾಸನದ ಹುಚ್ಚು ಒಂದು ಚಾಪೆ ತಂದಲ್ಲಿಗೇ ಮುಗಿದಿತ್ತು. ಜೇನು ಸಾಕುವ ಹುಚ್ಚು ಕೆನ್ನೆ ಊದಿಸಿಕೊಂಡು ಮನೆಗೆ ಬಂದ ದಿನ ಇಳಿದಿತ್ತು. ಇದು ಹಾಗೆ ಇಳಿಯುವ ಜಾತಿಯದಲ್ಲ. ಇದು ಅವನಿಗೆ ಅಪ್ಪನಿಂದ ಬಂದದ್ದು.

ಅಪ್ಪ ಬಸಣ್ಣ ಹತ್ತಿ ವ್ಯಾಪಾರಿಯಾಗಿದ್ದವರು. ಪೇಟೆಯ ಸಾಹುಕಾರರೆಲ್ಲ ಅಂಬಾಸಡರ್ ಕಾರಿನಲ್ಲಿ ಗಂಭೀರವಾಗಿ ಕೂತು ಓಡಾಡುತ್ತಿದ್ದಾಗ ಅವರೊಬ್ಬರು ಹಸಿರು ಬಣ್ಣದ ತೆರೆದ ಕಾರು ಇಟ್ಟಿದ್ದರು. ಆ ಕಾರಿಗೆ ಬಟ್ಟೆಯ ಟಾಪು ಹೊಲಿದುಕೊಟ್ಟವರು ಕಮರಿಪೇಟೆಯ ಅಮೀನಸಾಬರು. ಈಗ ಬಸಣ್ಣ ಇಲ್ಲ, ಆ ಕಾರೂ ಇಲ್ಲ. ಅಮೀನಸಾಬರು ಇದ್ದಾರೆ, ಎಂಬತ್ತು ದಾಟಿದ್ದಾರೆ. ಗ್ಯಾರೇಜನ್ನು ಮಗ ಇಕ್ಬಾಲ ನೋಡಿಕೊಳ್ಳುತ್ತಾನೆ. ಅಮರೇಶ ತನ್ನ ಆಸೆಯನ್ನು ಮೊದಲು ಹೇಳಿಕೊಂಡದ್ದು ಹೆಂಡತಿಗಲ್ಲ, ಇಕ್ಬಾಲನಿಗೆ.

ಇಕ್ಬಾಲ ಹುಡುಕಿ ತಂದದ್ದು ಒಂದಲ್ಲ, ಎರಡು ಕಾರು. ಎರಡೂ ಒಂದೇ ಕಂಪನಿಯವು, ಒಂದೇ ಹೆಸರಿನವು, ಎರಡೇ ಸೀಟಿನವು. ಒಂದಕ್ಕೆ ಇಪ್ಪತ್ತೈದು ವರ್ಷ ಮೇಲಾಗಿದೆ. ಕಡುಗೆಂಪು ಬಣ್ಣ, ಮೇಲೆ ಕಪ್ಪು ಬಟ್ಟೆಯ ಟಾಪು, ಅದನ್ನು ಕೈಯಿಂದಲೇ ಹಾಕಬೇಕು, ಕೈಯಿಂದಲೇ ತೆಗೆಯಬೇಕು. ಇನ್ನೊಂದು ಅದರ ತಮ್ಮ. ಬೆಳ್ಳಿ ಬಣ್ಣ, ಗಟ್ಟಿ ಮಾಡು, ಬಟನ್ ಒತ್ತಿದರೆ ಅದೇ ಎದ್ದು, ಅದೇ ಮಡಚಿಕೊಂಡು ಹಿಂದಿನ ಡಿಕ್ಕಿಯೊಳಗೆ ಮಲಗುತ್ತದೆ. ಬೆಲೆಯಲ್ಲಿ ಎರಡಕ್ಕೂ ಅಂಥ ಫರಕು ಇರಲಿಲ್ಲ.

"ಎರಡೂ ಹೊಡದ ನೋಡ್ರಿ ಅಣ್ಣಾರ. ಸಂಜಿಕ ಹೇಳ್ರಿ. ನಾಳೆ ಗೋವಾದಾಂವ ಒಬ್ಬ ಬರಾಂವ ಅದಾನ. ನೀವು ಬಿಟ್ಟದ್ದು ಅಂವ ಒಯ್ತಾನ," ಎಂದು ಅಂದು ನಸುಕಿನಲ್ಲೇ ಫೋನ್ ಮಾಡಿ ಹೇಳಿದ್ದ ಇಕ್ಬಾಲ.

ಆ ಬೆಳಿಗ್ಗೆ ವಿದ್ಯಾನಗರದ ಮನೆಯ ಅಡುಗೆಮನೆಯಲ್ಲಿ ಭಾಗ್ಯಶ್ರೀ ಉಪ್ಪಿಟ್ಟು ಮಾಡಿಟ್ಟು, ಮಹಡಿಯ ಮೇಲಿದ್ದ ಗಂಡನ ಮೊಬೈಲಿಗೆ 'ನಾಷ್ಟಾ' ಎಂದು ಕಳಿಸಿದಳು. ಮೇಲಿನಿಂದ ಒಂದು ಹೆಬ್ಬೆಟ್ಟಿನ ಚಿತ್ರ ಬಂತು. ಮಗಳ ಮದುವೆ ಆದಾಗಿನಿಂದ ಮನೆಯಲ್ಲಿ ಹೀಗೇ ನಡೆದಿತ್ತು. ಜಗಳವಿಲ್ಲ, ಸಿಟ್ಟಿಲ್ಲ, ಯಾರಿಗೂ ಯಾರಿಂದಲೂ ತೊಂದರೆಯಿಲ್ಲ. ಅವನಿಗೆ ಅವನ ಟಿವಿ, ಆಕೆಗೆ ಆಕೆಯದು. ಧಾರವಾಡಕ್ಕೆ ಹೋಗಬೇಕಾದರೆ ಆಕೆ ಚಿಗರಿ ಬಸ್ಸು ಹತ್ತುತ್ತಾಳೆ, ಅವನು ತನ್ನ ಗೆಳೆಯರ ಜೊತೆ ಹೋಗುತ್ತಾನೆ. ಬೀಗರು ಬಂದಾಗ ಎಷ್ಟು ಚೆಂದ ಹೊಂದಿಕೊಂಡಿದ್ದಾರೆ ಎಂದು ಹೊಗಳಿ ಹೋಗುತ್ತಾರೆ. ಆ ಹೊಗಳಿಕೆ ಕೇಳಿದಾಗೆಲ್ಲ ಭಾಗ್ಯಶ್ರೀ ಚಹಾದ ನೆವ ಮಾಡಿ ಒಳಗೆ ಹೋಗುತ್ತಾಳೆ.

ಆದರೆ ಆ ದಿನ ಅಮರೇಶ ಉಪ್ಪಿಟ್ಟು ತಿನ್ನುತ್ತ, "ನೀನೂ ಬಾ. ನೀ ಕುಂಡ್ರೂ ಗಾಡಿ ಅದು. ನೀನೂ ನೋಡಬೇಕಲ್ಲ," ಎಂದ.

ಆಕೆ ಕೈ ತೊಳೆದು, ಸೀರೆ ಬದಲಿಸಿ, ಎಂದೂ ಇಲ್ಲದ್ದು ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತಳು.

ಮೊದಲು ಬೆಳ್ಳಿ ಕಾರು. ಅಮರೇಶ ಸ್ಟೇರಿಂಗ್ ಹಿಡಿದು ಹುಡುಗನ ಹಾಗೆ ಹಿಗ್ಗಿದ್ದ. ಊರು ದಾಟಿದ ಮೇಲೆ ರಸ್ತೆಯ ಬದಿಗೆ ನಿಲ್ಲಿಸಿ, ಬಟನ್ ಒತ್ತಿದ. ಎಲ್ಲಿಂದಲೋ ಗುಂಯ್ ಎಂದು ಸದ್ದು ಬಂತು, ಹಿಂದಿನ ಡಿಕ್ಕಿ ಬಾಯಿ ತೆರೆಯಿತು, ಮಾಡು ಎದ್ದು ನಿಂತು ಒಳಗೆ ಹೋಯಿತು. ಮತ್ತೆ ಒತ್ತಿದ, ಮತ್ತೆ ಬಂದು ಮುಚ್ಚಿಕೊಂಡಿತು. ಇಬ್ಬರೂ ಕೂತಲ್ಲೇ ಕೂತಿದ್ದರು.

"ನೋಡಿದಿ? ನೀ ಇಳಿಯೂದ ಬ್ಯಾಡ. ನಿನ್ನ ಮಣಕಾಲಿಗೆ ಇದ ಛಲೋ," ಎಂದ ಅಮರೇಶ.

"ಛಲೋ ಐತ್ರಿ," ಎಂದಳು ಭಾಗ್ಯಶ್ರೀ.

ಆಕೆಯ ಮೊಣಕಾಲು ನೋವು ಅವನ ನೆನಪಿನಲ್ಲಿದೆಯಲ್ಲ ಎಂದು ಒಂದು ಕಡೆ ಸಂತೋಷವಾಯಿತು. ಇನ್ನೊಂದು ಕಡೆ, ಇದೊಂದೂ ಹೋಯಿತಲ್ಲ ಅನ್ನಿಸಿತು. ಮನೆಯಲ್ಲಿ ಬಟ್ಟೆ ಒಗೆಯಲು ಯಂತ್ರ, ಹಿಟ್ಟು ರುಬ್ಬಲು ಯಂತ್ರ, ಊಟಕ್ಕೆ ಕರೆಯಲು ಮೊಬೈಲು. ಇಬ್ಬರೂ ಕೂಡಿ ಮಾಡಲೇಬೇಕಾದ ಕೆಲಸ ಎಂಬುದು ಒಂದೂ ಉಳಿದಿರಲಿಲ್ಲ. ಈಗ ಕಾರೂ ತನ್ನ ಮಾಡನ್ನು ತಾನೇ ಮುಚ್ಚಿಕೊಂಡರೆ, ಇನ್ನು ಮುಂದೆ ಇಬ್ಬರೂ ಹೀಗೆ ಪಕ್ಕಪಕ್ಕ ಕೂತು ಸುಮ್ಮನೆ ಹೋಗಿಬಂದಾರು. ಆದರೆ ಈ ವಯಸ್ಸಿನಲ್ಲಿ ಗಂಡನಿಗೆ, ನನ್ನ ಜೊತೆ ಮಾತಾಡ್ರಿ ಎಂದು ಹೇಗೆ ಹೇಳುವುದು? ನಾಚಿಕೆ ಅಡ್ಡ ಬಂತು.

ಅತ್ತೆ ಚನ್ನಬಸವ್ವ ನೆನಪಾದಳು.

ಭಾಗ್ಯಶ್ರೀ ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ಅತ್ತೆ ಮಾವ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಕಾರಣ ಕೇಳಿದರೆ ಯಾರಾದರೂ ನಕ್ಕಾರು. ಯಾವುದೋ ಮದುವೆಯಲ್ಲಿ ಚನ್ನಬಸವ್ವನ ಅಣ್ಣ ಎದುರಿಗೆ ಬಂದಾಗ ಬಸಣ್ಣ ಎದ್ದು ನಿಂತು 'ಬರ್ರಿ' ಅನ್ನಲಿಲ್ಲವಂತೆ. ಕೂತಲ್ಲಿಂದಲೇ ಕೈ ಮಾಡಿದರಂತೆ. ಧಾರವಾಡ ಸೀಮೆಯಲ್ಲಿ ಹಸಿದವನಿಗೆ ಊಟ ತಪ್ಪಿದರೂ ನಡೆದೀತು, ಬೀಗನಿಗೆ 'ಬರ್ರಿ' ತಪ್ಪಬಾರದು. ಅಂದಿನಿಂದ ಚನ್ನಬಸವ್ವ ಬಾಯಿ ಮುಚ್ಚಿದಳು, ಬಸಣ್ಣ ಹಟಕ್ಕೆ ಬಿದ್ದು ತಾವೂ ಮುಚ್ಚಿದರು. ಮಾತೆಲ್ಲ ಮಗನ ಮೂಲಕ, ಆಮೇಲೆ ಸೊಸೆಯ ಮೂಲಕ. ಆದರೂ ಸುಳ್ಳ ಎಂಬ ಹಳ್ಳಿಯಲ್ಲಿದ್ದ ತಮ್ಮ ಹೊಲಕ್ಕೆ ಹೋಗುವಾಗ ಮುಂದಿನ ಸೀಟಿನಲ್ಲಿ ಅವರಿಬ್ಬರೇ ಕೂರಬೇಕು, ಅದನ್ನು ಮಾತ್ರ ಇಬ್ಬರೂ ಬಿಟ್ಟುಕೊಡುತ್ತಿರಲಿಲ್ಲ.

ಆ ಹಸಿರು ಕಾರಿನ ಟಾಪಿಗೆ ಎರಡು ಕೊಂಡಿ, ಗಾಜಿನ ಎರಡೂ ಮೂಲೆಗೆ ಒಂದೊಂದು. ಎರಡೂ ಒಮ್ಮೆಗೇ ಬೀಳಬೇಕು, ಒಂದು ಮೊದಲು ಬಿದ್ದರೆ ಇನ್ನೊಂದು ಮೂಲೆಯ ಬಟ್ಟೆ ಹರಿಯುತ್ತದೆ ಎಂದು ಅಮೀನಸಾಬರ ತಾಕೀತು. ಹಾಗಾಗಿ ಒಬ್ಬರಿಂದ ಆಗದ ಕೆಲಸ ಅದು. ಮಳೆ ಬಂತೆಂದರೆ ಇಬ್ಬರೂ ಇಳಿಯುತ್ತಿದ್ದರು, ಒಬ್ಬರು ಆ ಕಡೆ, ಒಬ್ಬರು ಈ ಕಡೆ.

"ಹಿಡಿ."

"ಹಿಡದೇನ್ರಿ."

"ಹಾಕು."

"ಹಾಕೇನ್ರಿ."

ಮನೆಯಲ್ಲಿ ವರ್ಷವಿಡೀ ಇಲ್ಲದ ಮಾತು ಅಷ್ಟು ಅಲ್ಲಿ ಆಗುತ್ತಿತ್ತು. ಆಮೇಲೆ ಒಳಗೆ ಕೂತು ಮತ್ತೆ ಗಪ್ಪು.

ಆಕೆ ಮದುವೆಯಾಗಿ ಬಂದ ವರ್ಷ, ಶಿವರಾತ್ರಿಯ ಹತ್ತಿರದ ದಿನಗಳು. ಹೊಲದಿಂದ ಹಸಿ ಕಡಲೆ ಗಿಡದ ಕಟ್ಟು ಹಾಕಿಕೊಂಡು ಎಲ್ಲರೂ ಮರಳುತ್ತಿದ್ದರು. ಹಿಂದಿನ ಸೀಟಿನಲ್ಲಿ ಭಾಗ್ಯಶ್ರೀ, ಅಮರೇಶ, ಇಬ್ಬರ ನಡುವೆ ಆ ಕಡಲೆಯ ಕಟ್ಟು. ಮುಂದೆ ಕೂತಿದ್ದ ಚನ್ನಬಸವ್ವ ಯಾರಿಗೂ ಅಲ್ಲದ ಹಾಗೆ, "ಮೋಡ ಆಗೇತಿ," ಎಂದಳು.

ಭಾಗ್ಯಶ್ರೀ ಮೇಲೆ ನೋಡಿದಳು. ಒಗೆದು ಹಾಕಿದ ಬಟ್ಟೆಯಂಥ ಆಕಾಶ, ಹಿಡಿಯಷ್ಟೂ ಮೋಡವಿಲ್ಲ. ಬಸಣ್ಣ ಕಾರು ನಿಲ್ಲಿಸಿದರು. ಇಬ್ಬರೂ ಇಳಿದರು. ಹಿಡಿ, ಹಿಡದೇನ್ರಿ, ಹಾಕು, ಹಾಕೇನ್ರಿ. ಆ ಬಿಸಿಲಿನಲ್ಲಿ ಟಾಪು ಹಾಕಿಕೊಂಡು ಬೆವರುತ್ತ ಮನೆಗೆ ಬಂದರು.

"ನಮ್ಮವ್ವಗ ಕಣ್ಣ ಮಂದ ಆಗ್ಯಾವ," ಎಂದು ಅಮರೇಶ ಆಕೆಯ ಕಿವಿಯಲ್ಲಿ ಪಿಸುಗುಟ್ಟಿದ್ದ. ಅಷ್ಟಕ್ಕೇ ಬಿಡಲಿಲ್ಲ, ಅವ್ವನನ್ನು ಕಣ್ಣಿನ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದ. ಡಾಕ್ಟರು ಟಾರ್ಚು ಬಿಟ್ಟು ನೋಡಿ, ಈ ಕಣ್ಣಿಗೆ ಏನೂ ಆಗಿಲ್ಲ ಎಂದರು. ಆ ಡಾಕ್ಟರಿಗೇ ಏನೂ ಗೊತ್ತಿಲ್ಲ ಎಂದು ಅಮರೇಶ ತೀರ್ಮಾನಿಸಿದ. ಮುಂದೆಯೂ ಆಗಾಗ ಚನ್ನಬಸವ್ವನಿಗೆ ಮಾತ್ರ ಕಾಣುವ ಮೋಡ ಆಗುತ್ತಿತ್ತು, ಕಾರು ನಿಲ್ಲುತ್ತಿತ್ತು.

ಭಾಗ್ಯಶ್ರೀ ಮಾತ್ರ ಒಂದು ಸಂಗತಿ ನೋಡಿದ್ದಳು. ಹೆಂಡತಿ ಮೋಡ ಎಂದಾಗೆಲ್ಲ ಬಸಣ್ಣ ಕಾರು ನಿಲ್ಲಿಸುತ್ತಿದ್ದರು. ಒಂದು ಸಲವೂ ಕತ್ತೆತ್ತಿ ಆಕಾಶ ನೋಡುತ್ತಿರಲಿಲ್ಲ. ಇದನ್ನು ಆಕೆ ಯಾರಿಗೂ ಹೇಳಲಿಲ್ಲ. ಹೇಳಿದರೆ ಆ ಮುದಿ ಜೀವಗಳ ಗುಟ್ಟು ಒಡೆದೀತು ಎಂದು ಬಾಯಿಬಿಗಿ ಹಿಡಿದಳು.

ಗ್ಯಾರೇಜಿಗೆ ಮರಳಿದಾಗ ಅಮೀನಸಾಬರು ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅಮರೇಶ ಬೆಳ್ಳಿ ಕಾರಿನಿಂದ ಇಳಿಯುತ್ತಲೇ, "ಇದ ಖಾತ್ರಿ ಆದಂಗ," ಎಂದ.

"ಇನ್ನೊಂದು ನೋಡೂದ ಬ್ಯಾಡೇನ್ರಿ?" ಎಂದಳು ಭಾಗ್ಯಶ್ರೀ.

ಇಕ್ಬಾಲ ತಲೆ ಕೆರೆದುಕೊಂಡ. "ನೋಡ್ರಿ ವೈನಿ. ಆದ್ರ ಮೊದಲ ಹೇಳಿಬಿಡ್ತೇನಿ. ಅದರ ಟಾಪ ಹರದಿತ್ತು, ಅಪ್ಪಾ ಹೊಸಾದು ಹೊಲದಾನ. ಕಂಪನಿ ಬಟ್ಟಿ ಹಗರ ಇರ್ತೈತಿ, ಒಬ್ಬರ ಕೂತಲ್ಲೆ ಎಳಕೋಬಹುದು. ಇಂವಾ ತನ್ನ ಹಳೇ ಚಟದಾಗ ದಪ್ಪ ಕ್ಯಾನ್ವಾಸ ಹಾಕಿ ಬಿಗದಾನ. ಈಗ ಇಬ್ಬರ ಬೇಕು."

"ಹರಿಯೂದಿಲ್ಲ ಅದು," ಎಂದರು ಅಮೀನಸಾಬರು, ಬೇರೆ ಯಾವುದೂ ತಮಗೆ ಸಂಬಂಧಿಸಿದ್ದಲ್ಲ ಎನ್ನುವ ಹಾಗೆ.

ಕೆಂಪು ಕಾರಿನಲ್ಲಿ ಕೂರುವುದೇ ಒಂದು ಫಜೀತಿ. ಸೀಟು ನೆಲಕ್ಕೆ ಹತ್ತಿದಂತೆ ಇತ್ತು. ಭಾಗ್ಯಶ್ರೀ ಮೊದಲು ಕೂತು, ಆಮೇಲೆ ಕಾಲೆಳೆದುಕೊಂಡಳು, ಮೊಣಕಾಲು ಚುರ್ ಎಂದಿತು. ನಿರಿಗೆ ಸರಿಮಾಡಿಕೊಳ್ಳುವ ನೆವದಲ್ಲಿ ಅದನ್ನು ಒತ್ತಿಕೊಂಡಳು. ಇಕ್ಬಾಲನೂ ಅಮರೇಶನೂ ಸೇರಿ ಟಾಪು ತೆಗೆದು ಹಿಂದೆ ಮಡಚಿದರು. ಕಾರು ಸ್ವಲ್ಪ ಕೆಮ್ಮಿ ಹೊರಟಿತು. ಗಾಳಿಗೆ ಸೆರಗು ಹಾರತೊಡಗಿತು, ಆಕೆ ಅದನ್ನು ಸೊಂಟಕ್ಕೆ ಸಿಗಿಸಿಕೊಂಡಳು.

"ಸದ್ದ ಭಾಳ ಮಾಡ್ತೈತಿ," ಎಂದು ಅಮರೇಶ ಕೂಗಿ ಹೇಳಿದ.

"ಏನ್ರಿ?"

"ಸದ್ದ. ಭಾಳ."

ಅವನಿಗೆ ಗೊತ್ತಿಲ್ಲದೆಯೇ ಕಾರು ಸುಳ್ಳದ ದಾರಿ ಹಿಡಿದಿತ್ತು. ಎರಡೂ ಬದಿಗೆ ಕಪ್ಪು ಹೊಲ, ಅಲ್ಲಲ್ಲಿ ಕೊಯ್ಲಾದ ಕಡಲೆ. ಮೇಲೆ ರಣ ಬಿಸಿಲು. ಹಳೆಯ ಹಸಿರು ಕಾರಿನ ಹಿಂದಿನ ಸೀಟು, ನಡುವೆ ಆ ಕಡಲೆ ಗಿಡದ ಕಟ್ಟು, ಅದರ ಮರೆಯಲ್ಲಿ ಅತ್ತೆ ಮಾವನಿಗೆ ಕಾಣದಂತೆ ಅಮರೇಶ ತನ್ನ ಕೈ ಹಿಡಿದದ್ದು, ಎಲ್ಲವೂ ಆಕೆಗೆ ಒಮ್ಮೆಗೇ ನೆನಪಾಯಿತು. ಆ ಹುಡುಗ ಇದೇ ಮನುಷ್ಯನೇ. ಎಲ್ಲಿಗೂ ಹೋಗಿಲ್ಲ, ಇಲ್ಲೇ ಒಂದು ಮೊಳ ದೂರದಲ್ಲಿ ಕೂತಿದ್ದಾನೆ. ಅವನ ಮಾತು ಕೇಳದೆ ತನಗೆ ಇಷ್ಟೊಂದು ಹಸಿವಾಗಿದೆ ಎಂಬುದು ಆಕೆಗೆ ಈಗ ತಿಳಿಯಿತು. ಈಗ ಬಾಯಿ ಬಿಡದಿದ್ದರೆ ನಾಳೆ ಗೋವಾದವನು ಈ ಕಾರನ್ನು ಒಯ್ಯುತ್ತಾನೆ.

"ಮೋಡ ಆಗೇತ್ರಿ," ಎಂದಳು ಭಾಗ್ಯಶ್ರೀ.

ಅಮರೇಶ ಕಾರು ನಿಧಾನ ಮಾಡಿ ಬೇವಿನ ಮರದ ಹತ್ತಿರ ನಿಲ್ಲಿಸಿದ. "ಎಲ್ಲೈತಿ?" ಎನ್ನುತ್ತ ಮೇಲೆ ನೋಡಲು ಕತ್ತೆತ್ತಿದ. ಎತ್ತಿದ ಕತ್ತು ಅರ್ಧಕ್ಕೇ ನಿಂತಿತು. ಆಕೆಯ ಮುಖ ನೋಡಿದ. ಆಮೇಲೆ ಬಾಗಿಲು ತೆಗೆದು ಇಳಿದ, ಸುತ್ತು ಹಾಕಿ ಬಂದು ಆಕೆಗೆ ಕೈ ಕೊಟ್ಟು ಇಳಿಸಿದ, ಮತ್ತೆ ತನ್ನ ಕಡೆಗೆ ಹೋಗಿ ನಿಂತ.

ಕ್ಯಾನ್ವಾಸು ನಿಜಕ್ಕೂ ಗಟ್ಟಿ ಇತ್ತು. ಎಳೆದು ಮುಂದೆ ತರುವಷ್ಟರಲ್ಲಿ ಇಬ್ಬರಿಗೂ ಏದುಸಿರು.

"ಹಿಡಿ," ಎಂದ ಅಮರೇಶ. ದನಿ ಎಂದಿನಂತಿರಲಿಲ್ಲ.

"ಹಿಡದೇನ್ರಿ."

"ಹಾಕು."

ಅವನದು ಬಿತ್ತು, ಆಕೆಯದು ಬೀಳಲಿಲ್ಲ. ಬಟ್ಟೆ ಹರಿಯಬಾರದೆಂದು ಅವನೂ ತನ್ನದನ್ನು ತೆಗೆದ. ಎರಡನೆಯ ಸಲ ಎರಡೂ ಒಮ್ಮೆಗೇ ಬಿದ್ದವು.

"ಹಾಕೇನ್ರಿ," ಎಂದಳು.

ಒಳಗೆ ಬಂದು ಕೂತರು. ಹೊಸ ಬಟ್ಟೆಯ ವಾಸನೆ, ಸೆಕೆ, ಅರೆಗತ್ತಲೆ. ಅಮರೇಶ ಚಾವಿ ತಿರುಗಿಸದೆ ಸ್ಟೇರಿಂಗ್ ಮೇಲೆ ಕೈಯಿಟ್ಟು ಕೂತ.

"ಹಂಗಾರ ಅವ್ವನ ಕಣ್ಣಿಗೆ ಏನೂ ಆಗಿದ್ದಿಲ್ಲ," ಎಂದ.

"ಏನೂ ಆಗಿದ್ದಿಲ್ರಿ."

"ಅಪ್ಪಗ ಗೊತ್ತಿತ್ತೇನು?"

"ಅವರು ಒಮ್ಮೆರೆ ಮ್ಯಾಲ ನೋಡಿದ್ದು ನೀವು ಕಂಡೀರೇನ್ರಿ?"

ಅಮರೇಶ ನಗಲು ಹೋದ, ಆಗಲಿಲ್ಲ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದ. ಅವ್ವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು, ದಾರಿಯಲ್ಲಿ ಆಕೆ ಬೈದದ್ದು, ಡಾಕ್ಟರನ್ನು ತಾನು ಬೈದದ್ದು ಎಲ್ಲ ಹೇಳಿದ. ಭಾಗ್ಯಶ್ರೀಗೆ ಎಲ್ಲ ಗೊತ್ತಿದ್ದದ್ದೇ. ಆದರೂ ಮೊದಲ ಸಲ ಕೇಳಿದಂತೆ ಕೇಳಿದಳು. ಬೆವರು ಇಳಿಯುತ್ತಿತ್ತು, ಇಬ್ಬರಿಗೂ ಟಾಪು ತೆಗೆಯುವ ನೆನಪಾಗಲಿಲ್ಲ.

ಮೊಬೈಲು ರಿಂಗಾಯಿತು. ಇಕ್ಬಾಲ. "ಏನ ಮಾಡಿದ್ರಿ ಅಣ್ಣಾರ? ಬೆಳ್ಳಿದ ಖಾಯಂ ಮಾಡ್ಲೇನ್ರಿ?"

"ಬ್ಯಾಡ. ಇದ ಇರ್ಲಿ."

"ವಿಚಾರ ಮಾಡ್ರಿ. ನಾಳೆ ಮಳ್ಯಾಗ ದಾರಿ ನಡಬರಕ ನಿಂತ್ರ ತ್ರಾಸ. ಆ ಟಾಪಿಗೆ ಪ್ರತಿ ಸಲಾ ಇಬ್ಬರ ಬೇಕಾಗ್ತಾರ."

"ಇಬ್ಬರ ಅದೇವಲ್ಲೋ," ಎಂದ ಅಮರೇಶ.

ಮೊಬೈಲು ಕಿಸೆಗೆ ಹಾಕಿದ. ಆಮೇಲೆ ಇಬ್ಬರೂ ಟಾಪು ತೆಗೆಯಲು ಮತ್ತೆ ಇಳಿದರು.